ಎಕ್ಸ್‌ಟರ್ನಲ್ ಡಿಸ್ಕ್‌ನಿಂದ ಅಪ್‌ಲೋಡ್: ವೇಗ ಕುಸಿಯುವುದು ಡಿಸ್ಕ್‌ನಲ್ಲೋ, ಲೈನ್‌ನಲ್ಲೋ?

ಚಿಕ್ಕಮಗಳೂರಿನಲ್ಲಿ ಕಂಪ್ಯೂಟರ್ ಮತ್ತು ನೆಟ್‌ವರ್ಕ್ ಸರ್ವಿಸ್ ಮಾಡುವ ನನಗೆ ಮದುವೆಯ ಸೀಸನ್‌ನಲ್ಲಿ ಸ್ಟುಡಿಯೊಗಳಿಂದ ಬರುವ ದೂರು ಬಹುಪಾಲು ಒಂದೇ ಬಗೆಯದು. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನಲ್ಲಿರುವ ವಿಡಿಯೊವನ್ನು ಬೆಂಗಳೂರಿನ ಎಡಿಟರ್‌ಗೆ ಕಳುಹಿಸಲು ಕುಳಿತರೆ ಅಪ್‌ಲೋಡ್ ಕೆಲವು ನಿಮಿಷ ಸರಾಗವಾಗಿ ಸಾಗುತ್ತದೆ, ನಂತರ ಏಕಾಏಕಿ ಸೊನ್ನೆಯ ಹತ್ತಿರಕ್ಕೆ ಇಳಿದು ಮತ್ತೆ ಏರುತ್ತದೆ. ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದರೆ ಲೈನ್‌ಮನ್ ಬಂದು ಸ್ಪೀಡ್ ಟೆಸ್ಟ್ ತೋರಿಸುತ್ತಾನೆ, ಅದರಲ್ಲಿ ವೇಗ ಪೂರ್ತಿ ಇರುತ್ತದೆ. ಇಬ್ಬರೂ ಹೇಳುವುದು ನಿಜವೇ. ಸ್ಪೀಡ್ ಟೆಸ್ಟ್ ಕಳುಹಿಸುವ ದತ್ತಾಂಶವು ಕಂಪ್ಯೂಟರಿನ ಮೆಮೊರಿಯಲ್ಲಿಯೇ ತಯಾರಾಗುವುದರಿಂದ ಅದು ಹಾರ್ಡ್ ಡಿಸ್ಕನ್ನು ಮುಟ್ಟುವುದೇ ಇಲ್ಲ. ನಿಮ್ಮ ಫೈಲ್ ಹಾಗಲ್ಲ. ಅದು ಡಿಸ್ಕ್, ಯುಎಸ್‌ಬಿ ಕೇಬಲ್, ಕಂಪ್ಯೂಟರ್, ವೈಫೈ, ರೌಟರ್ ಇಷ್ಟನ್ನೂ ದಾಟಿದ ಮೇಲೆಯೇ ಲೈನಿಗೆ ಸೇರುತ್ತದೆ. ಆದ್ದರಿಂದ ಯಾರ ಮೇಲಾದರೂ ದೂರು ಹೇಳುವ ಮೊದಲು ಏರಿಳಿತ ಹುಟ್ಟುವುದು ಡಿಸ್ಕ್‌ನ ಕಡೆಯೋ ಲೈನ್‌ನ ಕಡೆಯೋ ಎಂಬುದನ್ನು ಬೇರ್ಪಡಿಸಿ ನೋಡಬೇಕು.

ಅದಕ್ಕೆ ದುಡ್ಡು ಖರ್ಚಿಲ್ಲದ ಪರೀಕ್ಷೆಯೊಂದಿದೆ. ಸುಮಾರು 5 ಜಿಬಿಯ ಒಂದೇ ಫೈಲನ್ನು ಎಕ್ಸ್‌ಟರ್ನಲ್ ಡಿಸ್ಕ್‌ನಿಂದ ಕಂಪ್ಯೂಟರಿನ ಒಳಗಿನ ಎಸ್‌ಎಸ್‌ಡಿಗೆ (ತಿರುಗುವ ಭಾಗಗಳಿಲ್ಲದ, ಚಿಪ್‌ಗಳ ಡಿಸ್ಕ್) ಕಾಪಿ ಮಾಡಿ. ವೈಫೈ ಆಫ್ ಮಾಡಿ, ಲ್ಯಾನ್ ಕೇಬಲ್ ಹಾಕಿ, ಎಕ್ಸ್‌ಟರ್ನಲ್ ಡಿಸ್ಕನ್ನು ಪೂರ್ತಿ ಕಳಚಿಟ್ಟು, ಆ ಫೈಲನ್ನು ಮೊದಲಿನ ಜಾಗಕ್ಕೇ ಅಪ್‌ಲೋಡ್ ಮಾಡಿ. ಅದೇ ಹೊತ್ತಿನಲ್ಲಿ ಮಾಡುವುದು ಮುಖ್ಯ, ಏಕೆಂದರೆ ಸಂಜೆಯ ಲೈನ್ ಬೇರೆ, ಬೆಳಗಿನ ಜಾವದ ಲೈನ್ ಬೇರೆ. ಈಗ ವೇಗ ಸ್ಥಿರವಾಗಿದ್ದರೆ ಲೈನ್ ಮಟ್ಟಿಗೆ ಚಿಂತೆಯಿಲ್ಲ. ಆಗಲೂ ಏರಿಳಿದರೆ ಡಿಸ್ಕ್ ನಿರ್ದೋಷಿ. ಕಾಪಿ ಆಗುವಾಗ ವಿಂಡೋಸ್ ತೋರಿಸುವ ವೇಗದ ಗ್ರಾಫನ್ನೂ ಗಮನಿಸಿ. ಒಂದೇ ದೊಡ್ಡ ಫೈಲ್ ಕಾಪಿ ಆಗುವಾಗ ಆ ಗೆರೆ ನಡುನಡುವೆ ನೆಲ ಕಚ್ಚಿದರೆ ಡಿಸ್ಕ್‌ನಲ್ಲೋ ಕೇಬಲ್‌ನಲ್ಲೋ ತೊಂದರೆ ಇದೆ ಎಂಬುದು ಅಪ್‌ಲೋಡ್‌ಗೂ ಮೊದಲೇ ತಿಳಿಯುತ್ತದೆ.

ಇಲ್ಲಿ ಬಹಳ ಜನ ದಾರಿ ತಪ್ಪುವುದು ಲೆಕ್ಕದಲ್ಲಿ. ಇಂಟರ್ನೆಟ್ ವೇಗವನ್ನು ಬಿಟ್‌ಗಳಲ್ಲಿಯೂ ಫೈಲನ್ನು ಬೈಟ್‌ಗಳಲ್ಲಿಯೂ ಅಳೆಯುತ್ತಾರೆ. 8 ಬಿಟ್ ಸೇರಿದರೆ 1 ಬೈಟ್. 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಅಪ್‌ಲೋಡ್ ಇರುವ ಕನೆಕ್ಷನ್‌ಗೆ ಸೆಕೆಂಡಿಗೆ 12.5 ಎಂಬಿ (ಮೆಗಾಬೈಟ್) ಪೂರೈಸಿದರೆ ಸಾಕು. ಹಳೆಯ ಯುಎಸ್‌ಬಿ 2.0 ಪೋರ್ಟ್ ಕೂಡ ಸೆಕೆಂಡಿಗೆ 30 ಎಂಬಿಗೆ ಕಡಿಮೆಯಿಲ್ಲದಂತೆ ಕೊಡಬಲ್ಲದು. ಹಾಗಾಗಿ "ಪೋರ್ಟ್ ಸ್ಲೋ ಇದೆ, ಹೊಸ ಲ್ಯಾಪ್‌ಟಾಪ್ ತಗೊಳ್ಳಿ" ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಅಪ್‌ಲೋಡ್ ಹಾಳಾಗುವುದು ಡಿಸ್ಕ್ ನಿಧಾನವಾಗಿರುವುದರಿಂದ ಅಲ್ಲ, ಅದು ನಡುನಡುವೆ ನಿಂತುಬಿಡುವುದರಿಂದ.

ನಿಲ್ಲುವುದಕ್ಕೆ ಮೊದಲ ಕಾರಣ, ಒಂದೇ ಸಮಯದಲ್ಲಿ ಡಿಸ್ಕ್‌ನ ಹತ್ತು ಕಡೆಯಿಂದ ಓದಬೇಕಾಗಿ ಬರುವುದು. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗಳಲ್ಲಿ ಹೆಚ್ಚಿನವು ನಿಮಿಷಕ್ಕೆ 5400 ಸುತ್ತು ತಿರುಗುತ್ತವೆ. ಒಂದು ಸುತ್ತಿಗೆ 11 ಮಿಲಿಸೆಕೆಂಡ್ ಹಿಡಿಯುವುದರಿಂದ ಬೇಕಾದ ಜಾಗ ಹೆಡ್‌ನ (ದತ್ತಾಂಶ ಓದುವ ಮುಳ್ಳಿನಂತಹ ಭಾಗ) ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ಐದೂವರೆ ಮಿಲಿಸೆಕೆಂಡ್ ಕಾಯಬೇಕು. ಹೆಡ್ ಸರಿದು ಅಲ್ಲಿಗೆ ತಲುಪುವುದಕ್ಕೆ ಇನ್ನೂ 10-12 ಮಿಲಿಸೆಕೆಂಡ್ ಬೇಕು. ಒಟ್ಟಿನಲ್ಲಿ ಸೆಕೆಂಡಿಗೆ 60ರ ಆಸುಪಾಸು ಜಾಗಗಳನ್ನಷ್ಟೇ ಅದು ಮುಟ್ಟಬಲ್ಲದು. ಸಾಲು ಹಿಡಿದು ಕಾಫಿ ಹಣ್ಣು ಬಿಡಿಸುವವರಿಗೆ ಚೀಲ ತುಂಬುವುದು ಕಷ್ಟವಲ್ಲ, ಆದರೆ ಒಂದೊಂದು ಹಿಡಿ ಹಣ್ಣಿಗೂ ತೋಟದ ಈ ಮೂಲೆಯಿಂದ ಆ ಮೂಲೆಗೆ ಓಡಿಸಿದರೆ ಅವರ ದಿನವೆಲ್ಲ ನಡೆಯುವುದರಲ್ಲೇ ಕಳೆಯುತ್ತದೆ. ಡಿಸ್ಕ್‌ನ ಪಾಡೂ ಅದೇ.

ಕೊಪ್ಪದ ಕಡೆಯ ಹಿರಿಯರೊಬ್ಬರು ತಮ್ಮ ಕ್ಯಾಸೆಟ್‌ಗಳಲ್ಲಿದ್ದ ತಾಳಮದ್ದಳೆಯ ಧ್ವನಿಮುದ್ರಣಗಳನ್ನು ಡಿಜಿಟಲ್ ಮಾಡಿ, ಕಲಾವಿದರ ಒಪ್ಪಿಗೆ ಪಡೆದು, ಆಸಕ್ತರಿಗೆ ಟೊರೆಂಟ್ (ಫೈಲನ್ನು ತುಣುಕುಗಳಾಗಿ ಒಬ್ಬರ ಕಂಪ್ಯೂಟರಿನಿಂದ ಇನ್ನೊಬ್ಬರದಕ್ಕೆ ನೇರವಾಗಿ ಹಂಚುವ ವಿಧಾನ) ಮೂಲಕ ಹಂಚುತ್ತಿದ್ದರು. "ಒಬ್ಬರು ಇಳಿಸಿಕೊಳ್ಳುವಾಗ ಚೆನ್ನಾಗಿಯೇ ಹೋಗುತ್ತದೆ ಮಾರಾಯ್ರೆ, ಹತ್ತು ಜನ ಬಂದರೆ ಯಾರಿಗೂ ಹೋಗುವುದಿಲ್ಲ" ಎಂದು ಅವರು ವಿವರಿಸಿದ್ದರಲ್ಲಿಯೇ ಉತ್ತರವಿತ್ತು. ಅವರ ಕಂಪ್ಯೂಟರಿನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಡಿಸ್ಕ್‌ನ ಆ್ಯಕ್ಟಿವ್ ಟೈಮ್ (ಡಿಸ್ಕ್ ಕೆಲಸದಲ್ಲಿ ತೊಡಗಿರುವ ಸಮಯ) ಶೇ 100 ಇತ್ತು, ಓದುವ ವೇಗ ಮಾತ್ರ ಸೆಕೆಂಡಿಗೆ 1 ಎಂಬಿಯ ಒಳಗೇ ಇತ್ತು. ಬಿಟ್‌ಟೊರೆಂಟ್‌ನಲ್ಲಿ ಬೇಡಿಕೆ ಬರುವುದು 16 ಕೆಬಿಯ ತುಣುಕುಗಳಿಗೆ. ಪ್ರತಿಯೊಬ್ಬರೂ ಬೇರೆ ಬೇರೆ ಜಾಗದ ತುಣುಕು ಕೇಳಿದಾಗ ಸೆಕೆಂಡಿಗೆ 60ರಂತೆ ಓದಿದರೂ ಸಿಗುವುದು 960 ಕೆಬಿ, ಅಂದರೆ 8 ಎಂಬಿಪಿಎಸ್‌ಗೂ ಕಡಿಮೆ. ಒಂದೇ ಫೈಲನ್ನು ಸಾಲಾಗಿ ಓದಿಸಿದರೆ ಸೆಕೆಂಡಿಗೆ 100 ಎಂಬಿ ಕೊಡುವ ಡಿಸ್ಕ್ ಅದು. ಒಟ್ಟಿಗೆ ಹಂಚುವ ಟೊರೆಂಟ್‌ಗಳನ್ನೂ ಅಪ್‌ಲೋಡ್ ಸ್ಲಾಟ್‌ಗಳನ್ನೂ (ಏಕಕಾಲಕ್ಕೆ ಎಷ್ಟು ಜನರಿಗೆ ಕಳುಹಿಸಬೇಕೆಂಬ ಮಿತಿ) ಕಡಿಮೆ ಮಾಡಿ, ಹೆಚ್ಚು ಜನ ಕೇಳುವ ಪ್ರಸಂಗಗಳನ್ನು ಒಳಗಿನ ಎಸ್‌ಎಸ್‌ಡಿಗೆ ಸ್ಥಳಾಂತರಿಸಿದ ಮೇಲೆ ಹಂಚಿಕೆ ನೆಟ್ಟಗಾಯಿತು. ಟೊರೆಂಟ್‌ನಲ್ಲಿ ಸ್ವಲ್ಪ ಏರಿಳಿತ ಸಹಜವೆಂಬುದನ್ನೂ ಹೇಳಬೇಕು: ಯಾರಿಗೆ ಕಳುಹಿಸಬೇಕೆಂಬುದನ್ನು ಅದು ಸುಮಾರು 10 ಸೆಕೆಂಡಿಗೊಮ್ಮೆ ಹೊಸದಾಗಿ ನಿರ್ಧರಿಸುತ್ತದೆ, ಹಾಗೂ ಪಡೆಯುವವರ ಲೈನ್ ನಿಧಾನವಿದ್ದರೆ ನಮ್ಮ ಕಡೆಯಿಂದ ಮಾಡುವುದೇನೂ ಇಲ್ಲ.

ಸ್ಟುಡಿಯೊಗಳಲ್ಲಿ ಇದೇ ತೊಂದರೆ ಬೇರೆ ರೂಪದಲ್ಲಿ ಕಾಣುತ್ತದೆ. ಅಪ್‌ಲೋಡ್ ನಡೆಯುತ್ತಿರುವ ಡಿಸ್ಕ್‌ನಿಂದಲೇ ಇನ್ನೊಬ್ಬರು ಆಲ್ಬಮ್ ಎಡಿಟಿಂಗ್ ಮಾಡುತ್ತಿರುತ್ತಾರೆ, ಅದರ ಜೊತೆಗೆ ಆ್ಯಂಟಿವೈರಸ್ ಒಂದೊಂದೇ ಫೈಲನ್ನು ತೆರೆದು ನೋಡುತ್ತಿರುತ್ತದೆ. ಸಾವಿರಾರು ಫೋಟೊಗಳ ಫೋಲ್ಡರನ್ನು ಹಾಗೆಯೇ ಏರಿಸಿದರೆ ಪ್ರತಿ ಫೋಟೊಗೂ ಸರ್ವರ್ ಜೊತೆ ಹೊಸ ಮಾತುಕತೆ ನಡೆಯಬೇಕಾಗಿ ವೇಗ ಗರಗಸದ ಹಲ್ಲಿನಂತಾಗುತ್ತದೆ. ಅವನ್ನು ಕಂಪ್ರೆಸ್ ಮಾಡದೆ ಒಂದು ಜಿಪ್ ಫೈಲ್‌ಗೆ ತುಂಬಿ, ಅದನ್ನು ಎಸ್‌ಎಸ್‌ಡಿಯಲ್ಲಿಟ್ಟು ಕಳುಹಿಸುವುದು ಒಳ್ಳೆಯದು. ಜೆಪೆಗ್ ಫೋಟೊಗಳು ಮೊದಲೇ ಕುಗ್ಗಿಸಿದವು, ಮತ್ತೆ ಕುಗ್ಗಿಸಲು ಹೋಗಿ ಸಮಯ ಕಳೆಯಬೇಕಾಗಿಲ್ಲ.

ಎರಡನೆಯ ಕಾರಣ ಕರೆಂಟು. ಯುಎಸ್‌ಬಿ 2.0 ಪೋರ್ಟ್ ನಿಯಮದ ಪ್ರಕಾರ ಕೊಡುವುದು 500 ಮಿಲಿಆ್ಯಂಪ್, 3.0 ಪೋರ್ಟ್ ಕೊಡುವುದು 900. ಡಿಸ್ಕ್ ತಿರುಗಲು ಶುರುಮಾಡುವ ಕ್ಷಣದಲ್ಲಿ ಅದಕ್ಕಿಂತ ಹೆಚ್ಚು ಕೇಳುವುದುಂಟು. ಕ್ಯಾಬಿನೆಟ್‌ನ ಮುಂದಿನ ಪೋರ್ಟ್, ಅಗ್ಗದ ಹಬ್, ಉದ್ದನೆಯ ಎಕ್ಸ್‌ಟೆನ್ಷನ್ ಕೇಬಲ್ ಇವುಗಳಲ್ಲಿ ವೋಲ್ಟೇಜ್ ಇಳಿದು ಡಿಸ್ಕ್ ಕ್ಷಣಕಾಲ ಕಳಚಿಕೊಂಡು ಮತ್ತೆ ಸೇರುತ್ತದೆ. ಗಮನವಿಟ್ಟು ಆಲಿಸಿದರೆ ತಿರುಗುವ ಸದ್ದು ನಿಂತು ಮತ್ತೆ ಏರುವುದು ಕೇಳಿಸುತ್ತದೆ. ಡಿಸ್ಕ್‌ನೊಂದಿಗೆ ಬಂದ ಗಿಡ್ಡ ಕೇಬಲನ್ನೇ ಕಂಪ್ಯೂಟರಿನ ಹಿಂಬದಿಯ ಪೋರ್ಟ್‌ಗೆ ಹಾಕಿ, ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ (ಕರೆಂಟು ಉಳಿಸಲು ಯುಎಸ್‌ಬಿ ಸಾಧನವನ್ನು ಮಲಗಿಸುವ ಸೌಲಭ್ಯ) ಆಫ್ ಮಾಡಿ, ಹಾರ್ಡ್ ಡಿಸ್ಕ್ ಮಲಗುವ ಅವಧಿಯನ್ನೂ ತೆಗೆದುಹಾಕಬೇಕು.

ಮೂರನೆಯದನ್ನು ಹಗುರವಾಗಿ ಕಾಣಬಾರದು. ಡಿಸ್ಕ್‌ನ ಒಂದು ಭಾಗ ಸವೆದಿದ್ದರೆ ಅಲ್ಲಿನ ಸೆಕ್ಟರನ್ನು (ದತ್ತಾಂಶ ಇಡುವ ಚಿಕ್ಕ ಖಾನೆ) ಅದು ಮತ್ತೆ ಮತ್ತೆ ಓದಲು ಯತ್ನಿಸುತ್ತ ಹಲವು ಸೆಕೆಂಡ್ ಸ್ತಬ್ಧವಾಗುತ್ತದೆ, ಪ್ರತಿ ಬಾರಿಯೂ ಅದೇ ಫೈಲ್‌ನ ಅದೇ ಜಾಗದಲ್ಲಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ 05 ಮತ್ತು ಸಿ5 ಸಂಖ್ಯೆಯ ಸಾಲುಗಳನ್ನು ನೋಡಿ: ಮೊದಲನೆಯದು ಬದಲಿಸಲಾದ ಸೆಕ್ಟರ್‌ಗಳ ಲೆಕ್ಕ, ಎರಡನೆಯದು ಓದಲಾಗದೆ ಬಾಕಿ ಉಳಿದವುಗಳ ಲೆಕ್ಕ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ 7 ಅಥವಾ 153 ಸಂಖ್ಯೆಯ ಡಿಸ್ಕ್ ದಾಖಲೆಗಳು ಸಿಕ್ಕರೂ ಅದು ಎಚ್ಚರಿಕೆಯೇ. ಸಿ5 ಏರುತ್ತಿದ್ದರೆ ಅಪ್‌ಲೋಡನ್ನು ಅಲ್ಲಿಗೇ ನಿಲ್ಲಿಸಿ, ಅತ್ಯಂತ ಬೇಕಾದ ಫೈಲ್‌ಗಳನ್ನು ಮೊದಲು ಬೇರೆ ಡಿಸ್ಕ್‌ಗೆ ತೆಗೆದುಕೊಳ್ಳಿ. ಒಂದು ಕುಟುಂಬದ ಮದುವೆಯ ಏಕೈಕ ಪ್ರತಿ ಅಂತಹ ಡಿಸ್ಕ್‌ನಲ್ಲಿ ಇರುವುದನ್ನು ಕಂಡಾಗಲೆಲ್ಲ ನನಗೆ ಬಹಳ ಸಂಕಟವಾಗುತ್ತದೆ. ಮುಹೂರ್ತದ ದೃಶ್ಯವನ್ನು ಎರಡನೆಯ ಸಲ ಚಿತ್ರೀಕರಿಸಲು ಸಾಧ್ಯವಿಲ್ಲ.

ಡಿಸ್ಕ್ ಪೂರ್ಣ ಆರೋಗ್ಯವಾಗಿದ್ದು ಡಿಸ್ಕ್‌ನಿಂದಲೇ ತೊಂದರೆಯಾಗುವ ಸಂದರ್ಭವೂ ಒಂದಿದೆ. ಯುಎಸ್‌ಬಿ 3.0 ಕೇಬಲ್ ಮತ್ತು ಡಿಸ್ಕ್‌ಗಳು ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ರೇಡಿಯೊ ಗದ್ದಲ ಉಂಟುಮಾಡುತ್ತವೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದನ್ನು ಪ್ರಕಟಿಸಿತ್ತು. ನಮ್ಮ ಹಲವು ಮನೆಗಳ ವೈಫೈ ಓಡುವುದು ಅದೇ ತರಂಗಾಂತರದಲ್ಲಿ. ಡಿಸ್ಕ್ ಓದಲು ಆರಂಭಿಸಿದೊಡನೆ ವೈಫೈ ಸೊರಗುತ್ತದೆ, ಓದು ನಿಂತಾಗ ಚೇತರಿಸಿಕೊಳ್ಳುತ್ತದೆ. ಮೇಲಿನ ಪರೀಕ್ಷೆಯಲ್ಲಿ ಡಿಸ್ಕ್ ಕಳಚಿಡುವುದನ್ನೂ ಲ್ಯಾನ್ ಕೇಬಲ್ ಹಾಕುವುದನ್ನೂ ಒಟ್ಟಿಗೇ ಮಾಡಿರುವುದರಿಂದ ವೇಗ ಸುಧಾರಿಸಿದಾಗ ಡಿಸ್ಕನ್ನೇ ದೂರುವ ಅಪಾಯವಿದೆ. ಆದ್ದರಿಂದ ಲ್ಯಾನ್ ಕೇಬಲ್ ಹಾಗೆಯೇ ಇರಲಿ, ಡಿಸ್ಕನ್ನು ಮತ್ತೆ ಸೇರಿಸಿ ಇನ್ನೊಮ್ಮೆ ಅದರಿಂದಲೇ ಅಪ್‌ಲೋಡ್ ಮಾಡಿ ನೋಡಿ. ಈಗಲೂ ಸ್ಥಿರವಾಗಿ ಸಾಗಿದರೆ ತೊಂದರೆ ಇದ್ದದ್ದು ವೈಫೈನಲ್ಲಿ. 5 ಗಿಗಾಹರ್ಟ್ಸ್‌ಗೆ ಬದಲಾಯಿಸಿದರೂ ಪರಿಹಾರ ಸಿಗುತ್ತದೆ.

ಇಷ್ಟಾದ ಮೇಲೂ ಏರಿಳಿತ ಉಳಿದರೆ ಲೈನ್ ಕಡೆಗೆ ತಿರುಗಬೇಕು. ಮೊದಲು ಅಪ್‌ಲೋಡ್ ತಂತ್ರಾಂಶದಲ್ಲಿಯೇ ವೇಗಕ್ಕೆ ಮಿತಿ ಹಾಕಿ. ಪ್ಲ್ಯಾನಿನ ಪೂರ್ತಿ ಅಪ್‌ಲೋಡ್ ವೇಗವನ್ನು ಒಂದೇ ಕೆಲಸ ನುಂಗಿದರೆ ರೌಟರ್‌ನಲ್ಲಿ ದತ್ತಾಂಶದ ಸಾಲು ಬೆಳೆದು, ಅತ್ತಲಿನಿಂದ ಬರುವ ಸ್ವೀಕೃತಿಗಳೂ ತಡವಾಗಿ, ಕಂಪ್ಯೂಟರ್ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಶೇ 80ಕ್ಕೆ ಮಿತಿ ಇಟ್ಟರೆ ಒಟ್ಟಾರೆ ಕೆಲಸ ಬೇಗ ಮುಗಿಯುವುದನ್ನು ನಾನು ಅನೇಕ ಕಡೆ ಕಂಡಿದ್ದೇನೆ. ಜಿಪಾನ್ ಫೈಬರ್‌ನಲ್ಲಿ (ಒಂದೇ ಎಳೆಯನ್ನು ಹಲವು ಮನೆಗಳಿಗೆ ಕವಲೊಡೆಸುವ ವ್ಯವಸ್ಥೆ) ಒಂದು ಎಳೆಯ ಅಪ್‌ಲೋಡ್ ಸಾಮರ್ಥ್ಯ ಸುಮಾರು 1.25 ಗಿಗಾಬಿಟ್, ಡೌನ್‌ಲೋಡ್‌ನ ಅರ್ಧ ಮಾತ್ರ. ಅದನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಸಂಜೆ ಮಾತ್ರ ಕುಸಿಯುವ ಅಪ್‌ಲೋಡ್‌ಗೆ ಇದು ಒಂದು ಕಾರಣ, ಅದನ್ನು ರಾತ್ರಿಯ ಹೊತ್ತಿಗೆ ಹಾಕುವುದೇ ಸರಿ.

ಮೂಡಿಗೆರೆ, ಬಾಳೆಹೊನ್ನೂರು ಕಡೆಯ ತೋಟಗಳಲ್ಲಿ ಫೈಬರನ್ನು ಸಿಲ್ವರ್ ಮರಗಳಿಗೆ ಕಟ್ಟಿ ಎಳೆದಿರುತ್ತಾರೆ. ಮಳೆಗಾಲದಲ್ಲಿ ಕೊಂಬೆ ಬಿದ್ದು ಎಳೆ ತುಂಡಾಗದೆ ಬರೀ ಬಾಗಿದ್ದರೂ ಬೆಳಕು ಸೋರುತ್ತದೆ. ರೌಟರಿನ ಸೆಟ್ಟಿಂಗ್ ಪುಟದಲ್ಲಿ ಒಳಬರುವ ಆಪ್ಟಿಕಲ್ ಪವರ್ ಎಷ್ಟಿದೆ ನೋಡಿ. ಮೈನಸ್ 27 ಡಿಬಿಎಂ (ಬೆಳಕಿನ ಬಲದ ಅಳತೆ) ಹತ್ತಿರವಿದ್ದರೆ ಉಪಕರಣ ತನ್ನ ಮಿತಿಗೆ ಬಂದಿದೆ ಎಂದರ್ಥ, ಕೆಂಪು ದೀಪ ಹೊತ್ತದಿದ್ದರೂ ದೂರು ಕೊಡಬಹುದು. ಕರೆಂಟು ಹೋಗಿ ಬರುವಾಗ ರೌಟರ್ ರೀಸ್ಟಾರ್ಟ್ ಆಗುವ ಕಡೆ ಅದಕ್ಕೊಂದು 12 ವೋಲ್ಟ್ ಚಿಕ್ಕ ಯುಪಿಎಸ್ ಇರಬೇಕು.

ದೂರು ಕೊಡುವಾಗ "ನೆಟ್ ಸ್ಲೋ" ಎಂದಷ್ಟೇ ಹೇಳಬೇಡಿ. ಲ್ಯಾನ್ ಕೇಬಲ್‌ನಲ್ಲಿ, ಎಸ್‌ಎಸ್‌ಡಿಯಿಂದ, ವೇಗಕ್ಕೆ ಮಿತಿ ಹಾಕಿ ಪರೀಕ್ಷಿಸಿದ್ದೇವೆ ಎಂಬುದನ್ನೂ, ಕುಸಿತ ಕಂಡ ದಿನಾಂಕ ಮತ್ತು ಸಮಯವನ್ನೂ, ಆ ಹೊತ್ತಿನ ಪಿಂಗ್ (ಸರ್ವರ್‌ನಿಂದ ಉತ್ತರ ಬರಲು ಹಿಡಿಯುವ ಸಮಯ) ಹಾಗೂ ಆಪ್ಟಿಕಲ್ ಪವರ್‌ನ ಅಂಕಿಗಳನ್ನೂ ಸ್ಕ್ರೀನ್‌ಶಾಟ್ ಸಮೇತ ಕಳುಹಿಸಿ, ಸ್ಪ್ಲೈಸ್ ಮಾಡುವ (ಫೈಬರ್ ಎಳೆ ಬೆಸೆಯುವ) ಸಲಕರಣೆಯೊಂದಿಗೇ ಬರುವಂತೆ ತಂತ್ರಜ್ಞರಿಗೆ ತಿಳಿಸಿ.