ಪೇಪರ್ ಯಾರದು ಅಂತ ಗೊತ್ತಾದ ಮೇಲೆ ಹೇಗೆ ಓದಬೇಕು?

ಕಳೆದ ವಾರ ಬೆಳಗಾವಿಯ ಗ್ರಂಥಾಲಯದಲ್ಲಿ ನಮ್ಮ ಓದಿನ ಗುಂಪು ಸೇರಿದಾಗ ಗೆಳೆಯನೊಬ್ಬ ಹೇಳಿದ: "ಮಾಲೀಕ ರಾಜಕಾರಣಿ ಅಂದ್ರೆ ಆ ಪೇಪರ್ ಮುಟ್ಟೋದೇ ಬೇಡ." ನನಗೆ ಒಪ್ಪಿಗೆಯಾಗಲಿಲ್ಲ. ಯಾಕೆ ಅಂತ ಇಲ್ಲಿ ಬರೆದಿಟ್ಟಿದ್ದೇನೆ.

ಮೊದಲು ಪೇಪರ್ ಯಾರದು ಅಂತ ಹುಡುಕಬೇಕು. ಪುಟದ ತಳದಲ್ಲಿ ಸಣ್ಣ ಅಕ್ಷರದ ಸಾಲೊಂದಿರುತ್ತದೆ: ಮುದ್ರಕರು, ಪ್ರಕಾಶಕರು, ಸಂಪಾದಕರು. ಪತ್ರಿಕೆಗಳ ನೋಂದಣಿಗೆ ಇದ್ದ 1956ರ ನಿಯಮದಲ್ಲಿ ಇನ್ನೊಂದು ಒಳ್ಳೆಯ ಏರ್ಪಾಡಿತ್ತು. ಫೆಬ್ರವರಿ ಮುಗಿದ ಮೇಲಿನ ಮೊದಲ ಸಂಚಿಕೆಯಲ್ಲಿ ಒಡೆತನದ ವಿವರ ಅಚ್ಚು ಹಾಕಬೇಕಿತ್ತು. ಬಂಡವಾಳದಲ್ಲಿ ಶೇ 1ಕ್ಕಿಂತ ಜಾಸ್ತಿ ಪಾಲಿದ್ದವರ ಹೆಸರೂ ಅದರಲ್ಲಿ ಇರಬೇಕಿತ್ತು. ಹಳೆಯ ಮಾರ್ಚ್ ತಿಂಗಳ ಸಂಚಿಕೆ ಸಿಕ್ಕರೆ ತೆಗೆದು ನೋಡಿ.

ಕನ್ನಡದಲ್ಲಿ ಎಲ್ಲ ಬಗೆಯ ಒಡೆತನವೂ ಇದೆ. 'ಸಂಯುಕ್ತ ಕರ್ನಾಟಕ' ಲೋಕ ಶಿಕ್ಷಣ ಟ್ರಸ್ಟಿನದು. 1948ರಲ್ಲಿ ಶುರುವಾದ 'ಪ್ರಜಾವಾಣಿ' ಒಂದು ಕುಟುಂಬದ ಕಂಪನಿಯದು. 'ವಿಜಯ ಕರ್ನಾಟಕ' 1999ರಲ್ಲಿ ಆರಂಭವಾದಾಗ ಮಾಲೀಕರಾದ ವಿಜಯ ಸಂಕೇಶ್ವರರು ಲೋಕಸಭಾ ಸದಸ್ಯರೂ ಆಗಿದ್ದರು. 2006ರಲ್ಲಿ ಅದು ಟೈಮ್ಸ್ ಗುಂಪಿನ ಕೈಗೆ ಹೋಯಿತು. ಓದುಗರ ಮನೆಗೆ ಮಾತ್ರ ಅದೇ ಹುಡುಗ, ಅದೇ ಹೊತ್ತಿಗೆ, ಅದೇ ಹೆಸರಿನ ಪೇಪರ್ ಹಾಕಿ ಹೋಗುತ್ತಿದ್ದ. ಒಡೆಯರು ಬದಲಾದದ್ದು ಎಷ್ಟು ಜನರಿಗೆ ಗೊತ್ತಾಗಿತ್ತು?

ಈಗ ಮುಖ್ಯ ಮಾತಿಗೆ ಬರೋಣ. ಪತ್ರಿಕೆಗಳನ್ನು ಬೇರೆ ಉದ್ಯಮಗಳಿಂದ ಬೇರ್ಪಡಿಸಬೇಕು ಅಂತ ಎರಡನೇ ಪತ್ರಿಕಾ ಆಯೋಗ 1982ರಲ್ಲೇ ಹೇಳಿತ್ತು. ಯಾಕೆ ಅಂತ ನಮ್ಮ ಜಿಲ್ಲೆಯ ಕಬ್ಬನ್ನೇ ಇಟ್ಟುಕೊಂಡು ನೋಡೋಣ. ಒಂದು ಪೇಪರಿನ ಮಾಲೀಕರಿಗೆ ಸಕ್ಕರೆ ಕಾರ್ಖಾನೆಯೂ ಇದೆ ಅಂತ ಅಂದುಕೊಳ್ಳಿ. 2025-26ರ ಹಂಗಾಮಿಗೆ ಕಾರ್ಖಾನೆಗಳು ರೈತರಿಗೆ ಕೊಡಲೇಬೇಕು ಅಂತ ಕೇಂದ್ರ ಗೊತ್ತುಮಾಡಿದ ಕನಿಷ್ಠ ಕಬ್ಬಿನ ದರ, ಅಂದರೆ ಎಫ್‌ಆರ್‌ಪಿ ಕ್ವಿಂಟಲ್‌ಗೆ 355 ರೂಪಾಯಿ. "ಕಬ್ಬಿಗೆ ಟನ್‌ಗೆ 3,550 ರೂ." ಅಂತ ತಲೆಬರಹ ಕೊಟ್ಟರೆ ಲೆಕ್ಕ ಸರಿಯಾಗಿಯೇ ಇದೆ. ಆದರೆ ಆ ದರ ಶೇ 10.25 ಇಳುವರಿಗೆ, ಅಂದರೆ ನೂರು ಕೆಜಿ ಕಬ್ಬಿಗೆ 10.25 ಕೆಜಿ ಸಕ್ಕರೆ ಬಂದರೆ. ಕಟಾವು ಮತ್ತು ಸಾಗಾಣಿಕೆ ಖರ್ಚು ಕಳೆದ ಮೇಲೆ ರೈತನ ಕೈಗೆ ಬರುವುದು ಅದಕ್ಕಿಂತ ಕಡಿಮೆ. ಕಬ್ಬು ಕೊಟ್ಟ 14 ದಿನದೊಳಗೆ ಬಿಲ್ಲಿನ ಹಣ ಕೊಡಬೇಕು, ತಡವಾದರೆ ಶೇ 15 ಬಡ್ಡಿ ಸೇರಿಸಬೇಕು ಅಂತಲೂ ಕಾನೂನಿದೆ. ಇಷ್ಟನ್ನೂ ಬಿಟ್ಟು ಸುದ್ದಿ ಬರೆಯಬಹುದು, ಅದರಲ್ಲಿ ಒಂದು ಸುಳ್ಳೂ ಇರುವುದಿಲ್ಲ. ಬಾಕಿ ಬಿಲ್‌ಗಾಗಿ ಕಾಯುತ್ತಾ ಕೂತ ರೈತ ಮಾತ್ರ ಆ ಸುದ್ದಿಯಲ್ಲಿ ಎಲ್ಲೂ ಸಿಗುವುದಿಲ್ಲ.

ನಾನು ಒಡೆತನ ನೋಡುವುದು ಇದಕ್ಕೇ. ಯಾವ ಸುದ್ದಿಯಲ್ಲಿ ಏನು ಬಿಟ್ಟುಹೋಗಿರಬಹುದು ಅಂತ ಅದು ಮೊದಲೇ ಸುಳಿವು ಕೊಡುತ್ತದೆ. ಅದೇ ಪೇಪರಿನಲ್ಲಿ ನವಿಲುತೀರ್ಥ ಅಣೆಕಟ್ಟಿನ ನೀರಿನ ಮಟ್ಟವನ್ನೋ ಪರೀಕ್ಷೆಯ ವೇಳಾಪಟ್ಟಿಯನ್ನೋ ಓದುವಾಗ ನನಗೆ ಆ ಚಿಂತೆಯೇ ಇಲ್ಲ. ಅಥಣಿ ಕಡೆ ಕೃಷ್ಣೆ ಉಕ್ಕಿದಾಗ ಮೊಣಕಾಲುದ್ದ ನೀರಲ್ಲಿ ನಿಂತು ಸುದ್ದಿ ಕಳಿಸುವ ಅರೆಕಾಲಿಕ ವರದಿಗಾರನಿಗೂ ಮಾಲೀಕರ ವ್ಯವಹಾರಕ್ಕೂ ಏನು ಸಂಬಂಧ? ಪೇಪರನ್ನೇ ಮುಟ್ಟಲ್ಲ ಅಂದರೆ ಅವನ ದುಡಿಮೆಯನ್ನೂ ಸುಮ್ನೆ ತಳ್ಳಿಹಾಕಿದ ಹಾಗೆ ಆಗುತ್ತದೆ, ಅಲ್ವಾ?

ಟ್ರಸ್ಟ್ ಪೇಪರ್ ಆದರೆ ಚಿಂತೆ ಇಲ್ಲ ಅನ್ನುವವರೂ ಇದ್ದಾರೆ. ಅದಕ್ಕೂ ಜಾಹೀರಾತು ಬೇಕು, ಸರ್ಕಾರದ ಜಾಹೀರಾತೂ ಸೇರಿ. ಹಾಗಾಗಿ ಮುಖಪುಟದ ಜಾಹೀರಾತು ಯಾರದು ಅಂತಲೂ ನೋಡಿ.

ಮುಂದಿನ ಭಾನುವಾರ ನಾವು ಮೂರು ಪೇಪರಿನ ಕಬ್ಬಿನ ಸುದ್ದಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದುತ್ತೇವೆ. ಇಳುವರಿ, ಕಟಾವು, 14 ದಿನ, ಬಾಕಿ: ಈ ನಾಲ್ಕು ಮಾತು ಯಾವುದರಲ್ಲಿವೆ, ಯಾವುದರಲ್ಲಿಲ್ಲ ಅಂತ ಕೆಂಪು ಪೆನ್ನಲ್ಲಿ ಗುರುತು ಹಾಕುತ್ತೇವೆ. ಈ ಸಲ ಮಾತ್ರ ಮಾಲೀಕರ ಹೆಸರು ನೋಡುವುದು ಆಮೇಲೆ, ಒಡೆತನದ ಸುಳಿವು ಸರಿಯಿತ್ತಾ ಅಂತ ತಿಳಿಯಲು.