ಕುದುರೆ ಮೇಲೆ ದೊರೆ, ನೆಲದ ಮೇಲೆ ಆಳು

ಕುದುರೆ ಏರಿದ ದೊರೆಗಳ ಹಳೇ ಚಿತ್ರಗಳನ್ನು ಬರೀ ಕಲೆ ಅಂತ ನೋಡಬೇಕಾ, ಇಲ್ಲಾ ಅಧಿಕಾರದ ಪ್ರಚಾರ ಅಂತಲಾ? ಯುರೋಪು, ಅಮೆರಿಕದಲ್ಲಿ ಈ ವಾದ ಇನ್ನೂ ಮುಗಿದಿಲ್ಲ. ನನ್ನ ಕೇಳಿದರೆ ಎರಡೂ ಹೌದು.

ಮೊದಲು ಇದು ಪ್ರತಿಮೆಗಳ ಕೆಲಸವಾಗಿತ್ತು. ರೋಮಿನ ಚಕ್ರವರ್ತಿ ಮಾರ್ಕಸ್ ಅರೇಲಿಯಸ್ ಕುದುರೆ ಏರಿದ ಕಂಚಿನ ಪ್ರತಿಮೆ ಇವತ್ತಿಗೂ ಉಳಿದಿದೆ. 1548ರಲ್ಲಿ ಇಟಲಿಯ ಚಿತ್ರಕಾರ ಟಿಶಿಯನ್ ಅದೇ ಠೀವಿಯನ್ನು ದೊಡ್ಡ ಕ್ಯಾನ್ವಾಸಿಗೆ ತಂದ. ಜರ್ಮನಿಯ ಮ್ಯೂಲ್‌ಬರ್ಗ್ ಯುದ್ಧ ಗೆದ್ದ ಚಕ್ರವರ್ತಿ ಐದನೇ ಚಾರ್ಲ್ಸ್ ಕವಚ ತೊಟ್ಟು, ಭರ್ಜಿ ಹಿಡಿದು ಒಬ್ಬನೇ ಹೊರಟಿದ್ದಾನೆ. ಹಿಂದೆ ಸೈನ್ಯವಿಲ್ಲ, ಕಾಲಡಿ ಹೆಣವಿಲ್ಲ. ಆತನನ್ನು ಗೌಟ್ ಅನ್ನೋ ಕೀಲುನೋವಿನ ಕಾಯಿಲೆ ಹಿಂಡುತ್ತಿತ್ತು, ಚಿತ್ರದಲ್ಲಿ ಅದರ ಸುಳಿವೂ ಇಲ್ಲ.

ಮುಂದಿನ ನೂರು ವರ್ಷದಲ್ಲಿ ಆಸ್ಥಾನ ಆಸ್ಥಾನಕ್ಕೂ ಇಂಥದ್ದೊಂದು ಬೇಕಾಯಿತು. ಸ್ವಲ್ಪ ನಿಂತು ನೋಡಬೇಕಾದ್ದು ಸ್ಪೇನಿನ ಮ್ಯಾಡ್ರಿಡ್‌ನಲ್ಲಿ, ಈಗ ಪ್ರಾಡೊ ಮ್ಯೂಸಿಯಮ್ಮಿನಲ್ಲಿರುವ ಆಸ್ಥಾನ ಚಿತ್ರಕಾರ ವೆಲಾಸ್ಕೆಸ್‌ನ ಐದು ಚಿತ್ರಗಳನ್ನು. ಬ್ಯುಯೆನ್ ರೆಟೀರೊ ಅರಮನೆಯ ಒಂದೇ ಹಾಲ್‌ಗಾಗಿ 1635ರ ಸುಮಾರಿಗೆ ಸಿದ್ಧವಾದವು. ರಾಜರಿಬ್ಬರ ಕುದುರೆಗಳು ಮುಂಗಾಲೆತ್ತಿ ನಿಂತಿವೆ. ರಾಣಿಯರ ಕುದುರೆಗಳು ಸುಮ್ನೆ ನಡೆಯುತ್ತಿವೆ. ಇನ್ನು ರಾಜಕುಮಾರ ಬಾಲ್ತಸಾರ್ ಕಾರ್ಲೊಸ್. ವಯಸ್ಸು ಐದೋ ಆರೋ, ಕೈಯಲ್ಲಿ ಸೇನಾಪತಿಯ ದಂಡ, ಅವನ ಪುಟ್ಟ ಕುದುರೆಯೂ ಮುಂಗಾಲೆತ್ತಿ ನೆಗೆಯುತ್ತಿದೆ! ಗಂಡು ಮಗುವಾದರೆ ಸಾಕು, ಹಾಲುಹಲ್ಲು ಬಿದ್ದಿರದಿದ್ದರೂ ಅವನ ಕುದುರೆ ನೆಗೆಯಲೇಬೇಕು. ಆ ಕುದುರೆಯ ಹೊಟ್ಟೆ ವಿಚಿತ್ರವಾಗಿ ಉಬ್ಬಿದೆ, ಯಾಕೆಂದರೆ ಚಿತ್ರ ಬಾಗಿಲ ಮೇಲಿತ್ತು, ನೋಡುವವರು ತಲೆಯೆತ್ತಿಯೇ ನೋಡಬೇಕಿತ್ತು.

ಹಾಗೆ ಮುಂಗಾಲೆತ್ತಿ ನಿಲ್ಲುವುದನ್ನು ಕುದುರೆಗೂ ಸವಾರನಿಗೂ ಕಲಿಸಲು ವರ್ಷಗಟ್ಟಲೆ ಬೇಕು. ಲಾಯ, ಮೇವು, ಗುರು, ಜೊತೆಗೆ ಬೇಕಾದಷ್ಟು ಬಿಡುವು. ದುಡಿದು ತಿನ್ನುವವರಿಗೆ ಎಲ್ಲಿಂದ ಬರಬೇಕು? ಒಂದೇ ಕೈಯಲ್ಲಿ ಲಗಾಮು ಹಿಡಿದು, ಮುಖದಲ್ಲಿ ಒಂಚೂರೂ ಆಯಾಸವಿಲ್ಲದೆ ಕೂತವನು ನಾಡನ್ನೂ ಹೀಗೇ ಆಳುತ್ತಾನೆ ಅಂತ ನೋಡಿದವರು ನಂಬಬೇಕಿತ್ತು.

ಲಂಡನ್ನಿನಲ್ಲಿ ಚಿತ್ರಕಾರ ವ್ಯಾನ್ ಡೈಕ್ 1633ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಚಾರ್ಲ್ಸ್‌ನನ್ನು ಬರೆದ. ದೊರೆ ಗಿಡ್ಡ. ಚಿತ್ರದಲ್ಲಿ ಹಾಗನ್ನಿಸುವುದೇ ಇಲ್ಲ. ಪಕ್ಕದಲ್ಲಿ ಅವನ ಶಿರಸ್ತ್ರಾಣ ಹೊತ್ತು, ಕತ್ತೆತ್ತಿ ನೋಡುತ್ತಾ ನಿಂತಿರುವವನು ಸವಾರಿ ಗುರು ಸೇಂಟ್ ಆಂಟ್ವಾನ್. ಕುದುರೆ ವಿದ್ಯೆ ಬಲ್ಲವನೇ ನೆಲದ ಮೇಲಿದ್ದಾನೆ ಅಲ್ವಾ, ನನಗೆ ಜಾಸ್ತಿ ಚುಚ್ಚುವುದು ಇದೇ.

1801ರಲ್ಲಿ ಫ್ರೆಂಚ್ ಚಿತ್ರಕಾರ ದಾವಿದ್ ನೆಪೋಲಿಯನ್‌ನನ್ನು ನೆಗೆಯುವ ಕುದುರೆ ಮೇಲೆ ಆಲ್ಪ್ಸ್ ದಾಟಿಸಿದ. ನಿಜಕ್ಕೂ ಅವನು ದಾಟಿದ್ದು ಹೇಸರಗತ್ತೆ ಮೇಲೆ. ಅದಕ್ಕೆ ಒಂದು ವರ್ಷ ಮುಂಚೆ, ಇಂಗ್ಲೆಂಡಿನಲ್ಲಿ ಚಿತ್ರಕಾರ ಸ್ಟಬ್ಸ್ ಬೇರೆಯದೇ ಚಿತ್ರ ಬರೆದಿದ್ದ. ಓಡಿ ದಣಿದ ರೇಸ್ ಕುದುರೆ ಹ್ಯಾಂಬಲ್ಟೋನಿಯನ್, ಅದರ ಬೆನ್ನ ಮೇಲೆ ಕೈಯಿಟ್ಟ ಲಾಯದ ಹುಡುಗ ನೇರವಾಗಿ ನಮ್ಮನ್ನೇ ನೋಡುತ್ತಾನೆ. ಮಾಲೀಕ ಚಿತ್ರದಲ್ಲೇ ಇಲ್ಲ.

2005ರಲ್ಲಿ ಅಮೆರಿಕದ ಕಲಾವಿದ ಕೆಹಿಂಡೆ ವೈಲಿ ದಾವಿದ್‌ನ ಅದೇ ಕುದುರೆ ಮೇಲೆ ಕಪ್ಪು ಯುವಕನೊಬ್ಬನನ್ನು ಕೂರಿಸಿದ, ಮೈಮೇಲೆ ಸೈನಿಕರ ಬಣ್ಣದ ಬಟ್ಟೆ. ಕೆಳಗಿನ ಬಂಡೆಯಲ್ಲಿ ನೆಪೋಲಿಯನ್‌ನ ಬೋನಪಾರ್ಟ್ ಹೆಸರಿನ ಜೊತೆ ವಿಲಿಯಮ್ಸ್ ಅನ್ನೋ ಸಾಮಾನ್ಯರ ಹೆಸರೂ ಕೊರೆದಿದೆ. ಆಸ್ಥಾನಗಳು ಕೊಡದ ಜಾಗ ಅವನಿಗೆ ಸಿಕ್ಕಿದೆ, ಸಿಗಲೇಬೇಕಿತ್ತು. ಆದರೂ ಅಲ್ಲಿ ಕೂತಿರುವವನು ಗಂಡಸೇ, ಕುದುರೆಯ ಮುಂಗಾಲು ಇನ್ನೂ ಮೇಲೆಯೇ ಇದೆ.