ಫಿರಂಗಿಗೆ ಜಗ್ಗದ ಗೋಡೆ, ನೀರಿಗೆ ಸವೆಯುವ ಕಲ್ಲು

ಅಮೆರಿಕದ ಫ್ಲಾರಿಡಾದ ಸೇಂಟ್ ಆಗಸ್ಟೀನ್ ಪಟ್ಟಣದಲ್ಲಿ, ಕೊಲ್ಲಿಯ ದಡಕ್ಕೆ ತಾಗಿಕೊಂಡು ಕಾಸ್ಟಿಯೊ ದೆ ಸಾನ್ ಮಾರ್ಕೋಸ್ ಕೋಟೆ ನಿಂತಿದೆ. ಅದರ ಗೋಡೆಯನ್ನು ಹತ್ತಿರದಿಂದ ನೋಡಿದರೆ ಕಣ್ಣಿಗೆ ಬೀಳುವುದು ಚಿಪ್ಪುಗಳು. ಉಗುರಿನಷ್ಟು ಸಣ್ಣ ಚಿಪ್ಪುಗಳು ಸಾವಿರಾರು ವರ್ಷ ಒತ್ತಿಕೊಂಡು ಹೆಪ್ಪುಗಟ್ಟಿದ ಈ ಕಲ್ಲಿಗೆ ಕೊಕ್ವಿನಾ ಎಂದು ಹೆಸರು. ಕೋಟೆ ಬದುಕಿದ್ದು ಈ ಕಲ್ಲಿನಿಂದ. ಇಂದು ಅದನ್ನು ಕಾಪಾಡುವುದು ಕಷ್ಟವಾಗಿರುವುದೂ ಇದರಿಂದಲೇ.

ಸ್ಪೇನಿನವರು ಇಲ್ಲಿ ನೆಲೆಯೂರಿದ್ದು 1565ರಲ್ಲಿ. ಮೊದಲ ನೂರು ವರ್ಷ ಒಂದರ ಹಿಂದೊಂದು ಒಂಬತ್ತು ಮರದ ಕೋಟೆಗಳನ್ನು ಕಟ್ಟಿದರು. 1586ರಲ್ಲಿ ಇಂಗ್ಲಿಷ್ ನಾವಿಕ ಫ್ರಾನ್ಸಿಸ್ ಡ್ರೇಕ್ ಊರಿಗೇ ಬೆಂಕಿಯಿಟ್ಟ. 1668ರಲ್ಲಿ ಕಡಲ್ಗಳ್ಳರು ಕೊಳ್ಳೆ ಹೊಡೆದರು. 1670ರಲ್ಲಿ ಇಂಗ್ಲಿಷರು ಉತ್ತರದ ಕರಾವಳಿಯ ಚಾರ್ಲ್ಸ್‌ಟನ್‌ನಲ್ಲಿ ಬಂದು ಕುಳಿತರು. ಹೀಗಾಗಿ 1672ರಲ್ಲಿ ಕಲ್ಲಿನ ಕೋಟೆಯ ಕೆಲಸ ಶುರುವಾಗಿ 1695ರಲ್ಲಿ ಮುಗಿಯಿತು. ಎದುರಿನ ಅನಸ್ತಾಸಿಯಾ ದ್ವೀಪದಿಂದ ಕಲ್ಲು ಬಂತು. ಚಿಪ್ಪು ಸುಟ್ಟು ಸುಣ್ಣ ಮಾಡಿದರು. ನಕ್ಷೆ ಬರೆದ ಎಂಜಿನಿಯರ್ ಇಗ್ನಾಸಿಯೊ ದಾಸಾನ ಹೆಸರು ಎಲ್ಲರಿಗೂ ಗೊತ್ತು. ಕಲ್ಲು ಕಡಿದು ಹೊತ್ತ ಗುವಾಲೆ, ತಿಮುಕುವಾ, ಅಪಲಾಚಿ ಎಂಬ ಮೂಲನಿವಾಸಿ ಜನರನ್ನು ನೆನೆಯುವವರು ಕಡಿಮೆ.

1702ರಲ್ಲಿ ಇಂಗ್ಲಿಷರ ಸೇನೆ ಮುತ್ತಿಗೆ ಹಾಕಿದಾಗ ಸುಮಾರು 1,500 ಜನ ಕೋಟೆಯೊಳಗೆ ಸೇರಿಕೊಂಡರು. ಸುಮಾರು ಐವತ್ತು ದಿನ ಕಳೆದರೂ ಗೋಡೆ ಬೀಳಲಿಲ್ಲ. ಗಟ್ಟಿ ಕಲ್ಲಾಗಿದ್ದರೆ ಗುಂಡೇಟಿಗೆ ಸೀಳುತ್ತಿತ್ತು. ರಂಧ್ರಗಳಿಂದ ತುಂಬಿದ ಈ ಮೆದು ಕಲ್ಲು ಗುಂಡನ್ನು ಒಳಗೆಳೆದುಕೊಂಡು ಸುಮ್ಮನಾಯಿತು. ಹೊರಗಿದ್ದ ಊರು ಸುಟ್ಟು ಬೂದಿಯಾಯಿತು, ಕೋಟೆ ಉಳಿಯಿತು. 1740ರ ಮುತ್ತಿಗೆಯಲ್ಲೂ ಕೋಟೆ ಬೀಳಲಿಲ್ಲ. ಕಾಳಗದಲ್ಲಿ ಯಾರಿಗೂ ದಕ್ಕದ ಈ ಕೋಟೆ 1763ರಲ್ಲಿ ಬ್ರಿಟನ್ನಿಗೆ, ಆಮೇಲೆ ಮತ್ತೆ ಸ್ಪೇನಿಗೆ, 1821ರಲ್ಲಿ ಅಮೆರಿಕಕ್ಕೆ ಹೋದದ್ದು ಒಪ್ಪಂದದ ಕಾಗದಗಳ ಮೇಲೆ.

ಅಮೆರಿಕ ಇದಕ್ಕೆ ಫೋರ್ಟ್ ಮರಿಯನ್ ಎಂದು ಹೆಸರಿಟ್ಟು ಸೆರೆಮನೆ ಮಾಡಿತು. ಪ್ರವಾಸಿಗರಿಗೆ ಫಿರಂಗಿಯ ಕಥೆಗಿಂತ ಮೊದಲು ಈ ಅಧ್ಯಾಯ ಹೇಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. 1837ರಲ್ಲಿ ಸೆಮಿನೋಲ್ ಬುಡಕಟ್ಟಿನ ನಾಯಕ ಒಸಿಯೋಲಾನನ್ನು ಬಿಳಿ ಬಾವುಟದಡಿ ಮಾತುಕತೆಗೆ ಬಂದಿದ್ದಾಗಲೇ ಹಿಡಿದು ಇಲ್ಲಿಗೆ ತಂದರು. 1875ರಲ್ಲಿ ಬಯಲು ಸೀಮೆಯ ಶೈಯೆನ್, ಕಯೋವ ಮೊದಲಾದ ಬುಡಕಟ್ಟುಗಳ ಎಪ್ಪತ್ತಕ್ಕೂ ಹೆಚ್ಚು ಜನರನ್ನು ತಂದು ಕೂದಲು ಕತ್ತರಿಸಿ ಸೈನಿಕರ ಸಮವಸ್ತ್ರ ತೊಡಿಸಿದರು. ಅವರು ಲೆಕ್ಕದ ಪುಸ್ತಕಗಳ ಹಾಳೆಗಳಲ್ಲಿ ಬಿಡಿಸಿದ ಕುದುರೆ, ಬೇಟೆ, ರೈಲಿನ ಚಿತ್ರಗಳು ಇಂದು ವಸ್ತುಸಂಗ್ರಹಾಲಯಗಳಲ್ಲಿವೆ. ಅವರ ಮೇಲ್ವಿಚಾರಕ ರಿಚರ್ಡ್ ಪ್ರ್ಯಾಟ್ ಇದೇ ಪ್ರಯೋಗವನ್ನು ಮುಂದುವರಿಸಿ 1879ರಲ್ಲಿ ಬುಡಕಟ್ಟು ಮಕ್ಕಳನ್ನು ಬಿಳಿಯರ ರೀತಿಗೆ ತಿದ್ದುವ ಕಾರ್ಲೈಲ್ ವಸತಿ ಶಾಲೆ ತೆರೆದ. 1886ರಲ್ಲಿ ಅಪಾಚಿ ಬುಡಕಟ್ಟಿನ ಸುಮಾರು 500 ಜನ ಬಂದಿಗಳಾಗಿ ಬಂದರು. ಹೆಚ್ಚಿನವರು ಹೆಂಗಸರು, ಮಕ್ಕಳು. ಆ ಮಕ್ಕಳಲ್ಲಿ ಅನೇಕರನ್ನು ತಾಯಂದಿರಿಂದ ಬಿಡಿಸಿ ಅದೇ ಶಾಲೆಗೆ ಕಳಿಸಿದರು.

1924ರಲ್ಲಿ ಕೋಟೆ ರಾಷ್ಟ್ರೀಯ ಸ್ಮಾರಕವಾಯಿತು, 1933ರಲ್ಲಿ ರಾಷ್ಟ್ರೀಯ ಉದ್ಯಾನ ಸೇವೆಯ ಕೈಗೆ ಬಂತು, 1942ರಲ್ಲಿ ಹಳೆಯ ಸ್ಪ್ಯಾನಿಷ್ ಹೆಸರು ಮರಳಿತು. ಸಂರಕ್ಷಣೆಯ ಹೆಸರಿನಲ್ಲಿ ತಪ್ಪುಗಳೂ ಆದವು. ಸ್ಪ್ಯಾನಿಷರು ಒಣದಾಗಿ ಇಟ್ಟುಕೊಂಡಿದ್ದ ಕಂದಕಕ್ಕೆ ಇಪ್ಪತ್ತನೆಯ ಶತಮಾನದಲ್ಲಿ ನೀರು ತುಂಬಿಸಲಾಯಿತು. ಬುನಾದಿಗೆ ಧಕ್ಕೆಯಾಗುತ್ತಿದೆ ಎಂದು ಅರಿತ ಮೇಲೆ ಅದನ್ನು ಖಾಲಿ ಮಾಡಬೇಕಾಯಿತು. ಗುಂಡನ್ನು ನುಂಗಿದ ರಂಧ್ರಗಳೇ ಮಳೆನೀರನ್ನೂ ಉಪ್ಪನ್ನೂ ಹೀರುತ್ತವೆ. ಹಿಂದೆ ಗೋಡೆಗೆ ಮೈತುಂಬ ಇದ್ದ ಬಿಳಿ ಸುಣ್ಣದ ಗಾರೆ ಬಹುಪಾಲು ಉದುರಿಹೋಗಿದೆ. ಅದರ ಜಾಗಕ್ಕೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಕಲ್ಲು ಇನ್ನಷ್ಟು ಬೇಗ ಪುಡಿಯಾಗುತ್ತದೆ. ಆದ್ದರಿಂದ ದುರಸ್ತಿಗೆ ಸುಣ್ಣವೇ ಬೇಕು. 2016ರ ಮ್ಯಾಥ್ಯೂ, 2017ರ ಇರ್ಮಾ ಚಂಡಮಾರುತಗಳಲ್ಲಿ ಸಮುದ್ರ ಪಟ್ಟಣದ ಬೀದಿಗಳಿಗೆ ನುಗ್ಗಿತು. ಕಡಲ ಮಟ್ಟ ಏರುತ್ತಲೇ ಇದೆ, ಆ ನೀರಿಗೂ ಕೋಟೆಗೂ ನಡುವೆ ಇರುವುದು ತಡೆಗೋಡೆಯೊಂದೇ.